ಬಲೂನಿನಿಂದ ಮತ್ತೆ ಬಲೂನಿಗೆ

‘ಅವರಿಗೆ ಎರಡು ಸ್ಟೆಂಟ್ ಹಾಕಿದ್ದಾರಂತೆ.’ ಈ ಮಾತು ಕೇಳಿಬರದ ಊರು ಇಂದು ಕರ್ನಾಟಕದಲ್ಲಿ ಇರಲಾರದು. ಮೂವತ್ತು ವರ್ಷಗಳ ಹಿಂದೆ ವೈದ್ಯರ ನಡುವೆ ಮಾತ್ರ ಓಡಾಡುತ್ತಿದ್ದ ಈ ಪದ ಈಗ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳುತ್ತದೆ. ಕೆಲವರು ಅದನ್ನು ‘ಸ್ಪ್ರಿಂಗ್’ ಎಂದೂ ಕರೆಯುತ್ತಾರೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾದಾಗ ಅಥವಾ ಮುಚ್ಚಿಕೊಂಡಾಗ ಅದನ್ನು ತೆರೆದು, ಮತ್ತೆ ಕುಸಿಯದಂತೆ ಒಳಗೆ ನಿಲ್ಲಿಸುವ ಲೋಹದ ಜಾಲರಿ ಕೊಳವೆಯೇ ಸ್ಟೆಂಟ್. ಅದು ಉಳಿಸಿದ ಜೀವಗಳು ಅಸಂಖ್ಯ. ಆದರೆ ಒಮ್ಮೆ ಕೂರಿಸಿದ ಸ್ಟೆಂಟನ್ನು ಮತ್ತೆ ಹೊರತೆಗೆಯುವಂತಿಲ್ಲ. ಅದು ಜೀವನಪರ್ಯಂತದ ಅತಿಥಿ.

ನನ್ನ ಸಹೋದ್ಯೋಗಿಯೊಬ್ಬರು, ಗಣಿತದ ಮೇಷ್ಟ್ರು, ಸ್ಟೆಂಟ್ ಹಾಕಿಸಿಕೊಂಡ ಐದನೆಯ ತಿಂಗಳಲ್ಲಿ ಹಲ್ಲು ಕೀಳಿಸಲು ಹೋದರು. ‘ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆ ಇನ್ನೂ ಎರಡೂ ನುಂಗುತ್ತಿದ್ದೀರಾ?’ ಎಂದು ದಂತವೈದ್ಯರು ಕೇಳಿದರು. ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೆ ಹೆಪ್ಪು ಕಟ್ಟೀತೆಂಬ ಭಯ. ನಿಲ್ಲಿಸದಿದ್ದರೆ ಕಿತ್ತ ಹಲ್ಲಿನ ಜಾಗದಿಂದ ರಕ್ತ ನಿಲ್ಲದೆಂಬ ಭಯ. ಹೃದ್ರೋಗ ತಜ್ಞರ ಒಪ್ಪಿಗೆ ಬರುವ ತನಕ ಅವರು ಹಲ್ಲುನೋವು ಅನುಭವಿಸಿದರು. ‘ಎದೆಯೊಳಗಿನ ಆ ಚೂರು ಕಬ್ಬಿಣ ನನ್ನ ಹಲ್ಲನ್ನೂ ಆಳುತ್ತಿದೆ ನೋಡಿ’ ಎಂದು ಸಿಬ್ಬಂದಿ ಕೊಠಡಿಯಲ್ಲಿ ನಕ್ಕರು. ಅದು ಕಬ್ಬಿಣವಲ್ಲ, ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ ಎಂದು ತಿದ್ದಲು ನಾನು ಹೋಗಲಿಲ್ಲ.

ಲೋಹವನ್ನು ಒಳಗೆ ಬಿಡದೆಯೇ ನಾಳವನ್ನು ತೆರೆದಿಡಲು ಬಾರದೆ? ಈ ಪ್ರಶ್ನೆಯನ್ನು ಇಂದು ಹೃದ್ರೋಗ ತಜ್ಞರೂ ಗಂಭೀರವಾಗಿ ಕೇಳುತ್ತಿದ್ದಾರೆ. ಹೃದಯಾಘಾತದ ತುರ್ತು ಸಮಯದಲ್ಲಿಯೂ ಸ್ಟೆಂಟಿನ ಬದಲು ಔಷಧ ಲೇಪಿಸಿದ ಬಲೂನನ್ನು ಬಳಸಬಹುದೆ ಎಂಬ ಪ್ರಯೋಗಗಳು ನಡೆದಿವೆ. ಕುತೂಹಲದ ಸಂಗತಿಯೆಂದರೆ, ಈ ಕಥೆ ಆರಂಭವಾದದ್ದೇ ಬಲೂನಿನಿಂದ.

ಮೂರು ಮಿಲಿಮೀಟರಿನ ನಾಳ

ಮೊದಲು ರಂಗಸ್ಥಳದ ಪರಿಚಯ ಆಗಬೇಕು. ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿದ್ದರೂ ಅದರ ದಪ್ಪ ಸ್ನಾಯುವಿಗೆ ಆಹಾರ ಮತ್ತು ಆಕ್ಸಿಜನ್ ಸಿಗುವುದು ಆ ರಕ್ತದಿಂದಲ್ಲ. ಮಹಾಧಮನಿಯ ಬುಡದಿಂದ ಹೊರಟು ಹೃದಯವನ್ನು ಕಿರೀಟದಂತೆ ಸುತ್ತುವರಿಯುವ ಕೊರೊನರಿ ಧಮನಿಗಳು ಅದನ್ನು ಒದಗಿಸುತ್ತವೆ. ಅವುಗಳ ಮುಖ್ಯ ಕವಲುಗಳ ಒಳವ್ಯಾಸ ಸುಮಾರು 3ರಿಂದ 4 ಮಿ.ಮೀ. ನಿಮ್ಮ ಬಾಲ್‌ಪೆನ್ನಿನ ರೀಫಿಲ್ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ.

ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬ ಪಾಯ್ಸೆಯ್ ನಿಯಮ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಗೊತ್ತು. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೇರವಾದ, ಗಟ್ಟಿಗೋಡೆಯ ಕೊಳವೆಗೆ ಹೇಳಿದ ಲೆಕ್ಕ ಇದು; ಜೀವಂತ ಧಮನಿ ಹಾಗಿಲ್ಲ, ನಿಜ. ಆದರೂ ಅರ್ಧ ಮಿಲಿಮೀಟರಿಗಾಗಿ ವೈದ್ಯರು ಏಕೆ ಇಷ್ಟು ಹೋರಾಡುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಧಮನಿಯ ಗೋಡೆಯೊಳಗೆ ವರ್ಷಗಳ ಕಾಲ ಜಿಡ್ಡು, ಕೊಲೆಸ್ಟರಾಲ್, ಸತ್ತ ಕೋಶಗಳು ಸೇರಿ ಗಂಟು ಬೆಳೆಯುತ್ತದೆ. ಗಂಟು ನಿಧಾನವಾಗಿ ದೊಡ್ಡದಾಗಿ ನಾಳವನ್ನು ಪೂರ್ತಿ ಮುಚ್ಚಿದಾಗ ಹೃದಯಾಘಾತವಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಸಾಮಾನ್ಯವಾಗಿ ಆಗುವುದು ಬೇರೆ. ಅಷ್ಟೇನೂ ದೊಡ್ಡದಲ್ಲದ, ಮೆತ್ತನೆಯ ಗಂಟಿನ ತೆಳುಪೊರೆ ಒಂದು ದಿನ ಹರಿಯುತ್ತದೆ. ಒಳಗಿನ ಜಿಡ್ಡು ರಕ್ತಕ್ಕೆ ತಾಗಿದೊಡನೆ, ಗಾಯವಾಯಿತೆಂದು ತಿಳಿದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ಮೆತ್ತನೆಯ ಗಂಟು ಮತ್ತು ಹೊಸ ಹೆಪ್ಪು, ಈ ಎರಡನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ವಾದವೆಲ್ಲ ಇವುಗಳ ಮೇಲೆ ನಿಂತಿದೆ.

ದಾರಿ ಕಂಡವರು

ಹೃದಯದೊಳಕ್ಕೆ ಹೊರಗಿನಿಂದ ನಳಿಕೆ ತೂರಿಸಬಹುದೆಂದು ತೋರಿಸಿದವನು ವರ್ನರ್ ಫೋರ್ಸ್‌ಮನ್ ಎಂಬ ಜರ್ಮನ್ ಯುವ ವೈದ್ಯ. 1929ರಲ್ಲಿ ಬರ್ಲಿನ್ ಬಳಿಯ ಎಬರ್ಸ್‌ವಾಲ್ಡೆಯ ಆಸ್ಪತ್ರೆಯಲ್ಲಿ, ಮೇಲಿನವರ ನಿಷೇಧವನ್ನು ಲೆಕ್ಕಿಸದೆ, ತನ್ನದೇ ತೋಳಿನ ಅಭಿಧಮನಿಯ ಮೂಲಕ ಸುಮಾರು 65 ಸೆಂ.ಮೀ. ಉದ್ದದ ನಳಿಕೆಯನ್ನು ತೂರಿಸಿಕೊಂಡು, ಎಕ್ಸ್-ಕಿರಣ ಕೊಠಡಿಗೆ ನಡೆದುಹೋಗಿ ಅದು ಹೃದಯ ತಲುಪಿದ್ದನ್ನು ಚಿತ್ರ ತೆಗೆಸಿದ. ಬಂದದ್ದು ಬೈಗುಳ. 27 ವರ್ಷಗಳ ನಂತರ, 1956ರಲ್ಲಿ, ನೊಬೆಲ್ ಬಹುಮಾನವೂ ಬಂತು, ಕೂರ್ನಾಂಡ್ ಮತ್ತು ರಿಚರ್ಡ್ಸ್ ಅವರೊಡನೆ ಹಂಚಿಕೊಂಡು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಅವರು ಪರೀಕ್ಷೆ ನಡೆಸುತ್ತಿದ್ದಾಗ ನಳಿಕೆ ಜಾರಿ ಕಾಂಟ್ರಾಸ್ಟ್ ದ್ರವವೆಲ್ಲ ಕೊರೊನರಿ ಧಮನಿಯೊಳಕ್ಕೇ ಹೋಯಿತು. ರೋಗಿ ಸಾಯುತ್ತಾನೆಂದು ಎಲ್ಲರೂ ಹೆದರಿದರು. ಆತ ಬದುಕಿದ, ಧಮನಿ ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿತು. ನಾವಿಂದು ಆಂಜಿಯೋಗ್ರಾಂ ಎನ್ನುವ ಪರೀಕ್ಷೆ ಹುಟ್ಟಿದ್ದು ಹೀಗೆ, ಆಕಸ್ಮಿಕವಾಗಿ.

ನೋಡುವುದು ಒಂದು, ತೆರೆಯುವುದು ಇನ್ನೊಂದು. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ 82 ವರ್ಷದ ಮಹಿಳೆಯೊಬ್ಬರ ಕಾಲಿನ ಧಮನಿಯನ್ನು ಹಿಗ್ಗಿಸಿದರು. ಆಕೆಯ ಪಾದ ಕೊಳೆಯತೊಡಗಿತ್ತು. ಶಸ್ತ್ರವೈದ್ಯರು ಕಾಲು ಕತ್ತರಿಸಬೇಕೆಂದಿದ್ದರು, ಆಕೆ ಒಪ್ಪಿರಲಿಲ್ಲ. ಡಾಟರ್ ತೆಳುವಾದ ತಂತಿಯನ್ನು ಅಡಚಣೆಯ ಆಚೆಗೆ ದಾಟಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನಾದ ನಳಿಕೆಗಳನ್ನು ತೂರಿಸುತ್ತ ಹೋದರು. ಪಾದ ಬೆಚ್ಚಗಾಯಿತು. ಆಕೆ ತನ್ನ ಕಾಲ ಮೇಲೆಯೇ ನಡೆದು ಮನೆಗೆ ಹೋದರು. ಸ್ವದೇಶದಲ್ಲಿ ಡಾಟರ್‌ಗೆ ಹುಚ್ಚನ ಪಟ್ಟ ಸಿಕ್ಕಿತು. ಯುರೋಪಿನವರು ಮಾತ್ರ ಅವರ ವಿಧಾನವನ್ನು ಕಲಿತರು.

ಅಡುಗೆ ಮನೆಯ ಮೇಜು

ಕಲಿತವರಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಒಬ್ಬರು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1939ರಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಕೆಲಸಕ್ಕೆ ಸೇರಿದ್ದರು. ಡಾಟರ್ ವಿಧಾನದಲ್ಲಿ ಒಂದು ತೊಂದರೆಯಿತ್ತು. ದಪ್ಪ ನಳಿಕೆಯನ್ನು ಒಳತೂರಿಸಲು ಅಷ್ಟೇ ದಪ್ಪ ರಂಧ್ರ ಬೇಕು, ಮೇಲಾಗಿ ನಳಿಕೆ ಜಿಡ್ಡನ್ನು ಮುಂದಕ್ಕೆ ತಳ್ಳುತ್ತ ಸಾಗುತ್ತದೆ. ತೆಳ್ಳಗೆ ಒಳಹೋಗಿ ಅಡಚಣೆಯ ಜಾಗದಲ್ಲಿ ಮಾತ್ರ ಉಬ್ಬುವಂಥದು ಇದ್ದರೆ?

ಬಲೂನು ಎಂದೊಡನೆ ನಿಮಗೆ ಜಾತ್ರೆಯ ರಬ್ಬರ್ ಬಲೂನು ನೆನಪಾಗಬಹುದು. ಅದು ಇಲ್ಲಿ ಕೆಲಸಕ್ಕೆ ಬಾರದು. ಬೇಕಿದ್ದರೆ ಹೀಗೆ ಮಾಡಿ ನೋಡಿ: ರಬ್ಬರ್ ಬಲೂನನ್ನು ಬಳೆಯೊಂದರೊಳಗೆ ತೂರಿಸಿ ಊದಿ. ಬಳೆಯಿರುವಲ್ಲಿ ಹಿಗ್ಗದೆ ಅದರ ಎರಡೂ ಬದಿಗೆ ಉಬ್ಬುತ್ತದೆ, ಏಕೆಂದರೆ ಪ್ರತಿರೋಧ ಕಡಿಮೆ ಇರುವ ಕಡೆಗೇ ರಬ್ಬರ್ ಹಿಗ್ಗುವುದು. ಧಮನಿಯಲ್ಲೂ ಇದೇ ಆಗಿ, ಗಂಟು ಹಾಗೆಯೇ ಉಳಿದು ಅಕ್ಕಪಕ್ಕದ ಒಳ್ಳೆಯ ಗೋಡೆ ಹರಿಯುತ್ತದೆ. ಗ್ರುಂಟ್ಸಿಗ್‌ಗೆ ಬೇಕಾದದ್ದು ನಿಗದಿತ ವ್ಯಾಸದವರೆಗೆ ಉಬ್ಬಿ ಅಲ್ಲಿಗೇ ನಿಲ್ಲುವ, ಆ ಮೇಲೆ ಒತ್ತಡ ಹೆಚ್ಚಿದಂತೆ ಗಟ್ಟಿಯಾಗುವ ಬಲೂನು. ನಿವೃತ್ತ ರಸಾಯನವಿಜ್ಞಾನ ಪ್ರಾಧ್ಯಾಪಕ ಹೈನ್ರಿಕ್ ಹಾಪ್ ಅವರು ಪಿವಿಸಿ ಬಳಸುವಂತೆ ಸೂಚಿಸಿದರು. ಹಗಲು ಆಸ್ಪತ್ರೆಯ ಕೆಲಸ. ಸಂಜೆ ಗ್ರುಂಟ್ಸಿಗ್ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಬಲೂನು ತಯಾರಿ. ಪತ್ನಿ ಮಿಖೇಲಾ, ಸಹಾಯಕಿ ಮರಿಯಾ ಶ್ಲುಂಪ್ ಮತ್ತು ಆಕೆಯ ಪತಿ ಜೊತೆಗೂಡುತ್ತಿದ್ದರು. ಪಿವಿಸಿ ಕೊಳವೆಯನ್ನು ಬಿಸಿಮಾಡಿ, ಗಾಳಿ ಊದಿ, ಕತ್ತರಿಸಿ, ಅಂಟಿಸಿ, ಸೋರಿದರೆ ಮತ್ತೆ ಮೊದಲಿನಿಂದ.

1974ರಲ್ಲಿ ಕಾಲಿನ ಧಮನಿಗೆ ಈ ಬಲೂನು ಬಳಕೆಯಾಯಿತು. ಹೃದಯಕ್ಕೆ ಇನ್ನೂ ಸಣ್ಣದು ಬೇಕಿತ್ತು. ನಾಯಿಗಳ ಕೊರೊನರಿ ಧಮನಿಯನ್ನು ದಾರದಿಂದ ಬಿಗಿದು ಕಿರಿದಾಗಿಸಿ, ಬಲೂನಿನಿಂದ ತೆರೆದ ಪ್ರಯೋಗವನ್ನು 1976ರಲ್ಲಿ ಮಯಾಮಿಯ ಸಮ್ಮೇಳನವೊಂದರಲ್ಲಿ ಭಿತ್ತಿಪತ್ರವಾಗಿ ತೂಗುಹಾಕಿದಾಗ ನಂಬಿದವರು ಕಡಿಮೆ.

1977ರ ಸೆಪ್ಟೆಂಬರ್ 16. ಜೂರಿಕ್‌ನ ಆಸ್ಪತ್ರೆಗೆ 38 ವರ್ಷದ ರೋಗಿಯೊಬ್ಬ ತೀವ್ರ ಎದೆನೋವಿನಿಂದ ದಾಖಲಾಗಿದ್ದ. ಹೃದಯದ ಮುಂಭಾಗಕ್ಕೆ ಇಳಿಯುವ ಎಡ ಧಮನಿಯಲ್ಲಿ ಒಂದೇ ಒಂದು ಚಿಕ್ಕ ಅಡಚಣೆ. ಬೈಪಾಸ್ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಎದೆ ಸೀಳಿಸಿಕೊಳ್ಳಲು ಆತನಿಗೆ ಮನಸ್ಸಿರಲಿಲ್ಲ. ಹೊಸ ವಿಧಾನ, ಇದುವರೆಗೆ ಎಚ್ಚರವಿರುವ ಯಾರ ಹೃದಯಕ್ಕೂ ಮಾಡಿಲ್ಲ ಎಂದು ಗ್ರುಂಟ್ಸಿಗ್ ಮುಚ್ಚಿಡದೆ ಹೇಳಿದರು. ಆತ ಒಪ್ಪಿದ. ಕೆಟ್ಟರೆ ಕೂಡಲೇ ಎದೆ ತೆರೆಯಲು ಶಸ್ತ್ರವೈದ್ಯರು ಸಿದ್ಧರಾಗಿದ್ದರು. ಬಲೂನನ್ನು ಎರಡು ಸಲ ಉಬ್ಬಿಸಲಾಯಿತು. ಅಡಚಣೆಯ ಆಚೆಗಿನ ರಕ್ತದೊತ್ತಡ ಏರಿತು, ರೋಗಿಯ ಎದೆನೋವು ಹೋಯಿತು. ಒಳಗೆ ಏನನ್ನೂ ಬಿಡದೆ ಬಲೂನನ್ನು ಹೊರಗೆಳೆದುಕೊಳ್ಳಲಾಯಿತು.

ಗ್ರುಂಟ್ಸಿಗ್ 1980ರಲ್ಲಿ ಅಮೆರಿಕದ ಅಟ್ಲಾಂಟಾಗೆ ಹೋದರು. 1985ರ ಅಕ್ಟೋಬರ್ 27ರಂದು ತಾವೇ ನಡೆಸುತ್ತಿದ್ದ ಚಿಕ್ಕ ವಿಮಾನ ಅಪಘಾತಕ್ಕೀಡಾಗಿ ಪತ್ನಿಯೊಂದಿಗೆ ಮೃತಪಟ್ಟರು (ಅಡುಗೆ ಮನೆಯ ಮಿಖೇಲಾ ಅಲ್ಲ, ಎರಡನೆಯ ಪತ್ನಿ). ಆಗ ಅವರಿಗೆ 46 ವರ್ಷ. ಮರುವರ್ಷ, 1986ರಲ್ಲಿ, ಮ್ಯಾಥ್ಯೂ ಸ್ಯಾಮುಯೆಲ್ ಕಳರಿಕ್ಕಲ್ ಅವರಿಂದ ಭಾರತದಲ್ಲೂ ಈ ಚಿಕಿತ್ಸೆ ಆರಂಭವಾಯಿತು.

ತೆಗೆಯಲಾಗದ ಸೆಂಟ್ರಿಂಗ್

ಬಲೂನಿನ ಯಶಸ್ಸಿನ ಹಿಂದೆಯೇ ಅದರ ದೋಷವೂ ಕಾಣಿಸಿಕೊಂಡಿತು. ತೆರೆದ ಧಮನಿ ಆರು ತಿಂಗಳೊಳಗೆ ಮೂವರಲ್ಲಿ ಸುಮಾರು ಒಬ್ಬರಿಗೆ ಮತ್ತೆ ಕಿರಿದಾಗುತ್ತಿತ್ತು. ನೂರರಲ್ಲಿ ಕೆಲವರಿಗೆ ಬಲೂನು ತೆಗೆದ ಕೆಲವೇ ಗಂಟೆಗಳಲ್ಲಿ ನಾಳ ಪೂರ್ತಿ ಮುಚ್ಚಿಹೋಗುತ್ತಿತ್ತು.

ಕಾರಣಗಳನ್ನು ಬಿಡಿಸಿ ನೋಡೋಣ. ಹಿಗ್ಗಿಸಿದ ಗೋಡೆ ರಬ್ಬರಿನಂತೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಬಲೂನು ಮಾಡಿದ ಸೀಳಿನ ಪದರ ಬಾಗಿಲ ಪರದೆಯಂತೆ ಒಳಕ್ಕೆ ಜೋತುಬೀಳಬಹುದು. ವಾರಗಳು ಕಳೆದಂತೆ ಗಾಯಗೊಂಡ ಧಮನಿ ಒಟ್ಟಾರೆ ಕುಗ್ಗುತ್ತದೆ. ಈ ಮೂರಕ್ಕಿಂತ ಬೇರೆಯದು ನಾಲ್ಕನೆಯದು. ಗೋಡೆಯಲ್ಲಿರುವ ನಯಸ್ನಾಯು ಕೋಶಗಳು ಗಾಯ ಮಾಯಿಸಲೆಂದು ವಿಭಜನೆಗೊಂಡು, ಅತಿಯಾಗಿ ಬೆಳೆದು, ಒಳದಾರಿಯನ್ನೇ ತುಂಬಿಬಿಡುತ್ತವೆ. ಮೊದಲ ಮೂರು ಯಾಂತ್ರಿಕ ತೊಂದರೆಗಳು, ಕೊನೆಯದು ಜೈವಿಕ.

ಯಾಂತ್ರಿಕ ತೊಂದರೆಗೆ ಯಾಂತ್ರಿಕ ಪರಿಹಾರ ಬಂತು. ಮನೆಯ ತಾರಸಿ ಹಾಕುವಾಗ ಕಾಂಕ್ರೀಟು ಬೀಳದಂತೆ ಕೆಳಗೆ ಸೆಂಟ್ರಿಂಗ್ ಕೊಡುತ್ತಾರಲ್ಲ, ಹಾಗೆ ಧಮನಿಗೂ ಒಂದು ಆಸರೆ. 1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಜಾಕ್ ಪುಯೆಲ್, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಉಲ್ರಿಕ್ ಸಿಗ್ವಾರ್ಟ್ ಕೊರೊನರಿ ಧಮನಿಯಲ್ಲಿ ಮೊದಲ ಸ್ಟೆಂಟ್‌ಗಳನ್ನು ಇಟ್ಟರು. ಅಂದಹಾಗೆ ಸ್ಟೆಂಟ್ ಎಂಬ ಹೆಸರು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಅವರಿಂದ ಬಂದುದೆನ್ನುತ್ತಾರೆ. ಹಲ್ಲಿನ ಅಚ್ಚು ತೆಗೆಯುವ ಮೇಣದಂಥ ವಸ್ತುವನ್ನು ಅವರು ತಯಾರಿಸಿದ್ದರು. ನಮ್ಮ ಗಣಿತದ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

1994ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಬರೀ ಬಲೂನಿಗಿಂತ ಸ್ಟೆಂಟ್ ಮೇಲೆಂದು ಸಾಬೀತಾಯಿತು. ಯುರೋಪಿನ ಪ್ರಯೋಗದಲ್ಲಿ ಮರುಕಿರಿದಾಗುವಿಕೆ ಶೇ. 32ರಿಂದ ಶೇ. 22ಕ್ಕೆ ಇಳಿದಿತ್ತು. ಇಳಿಯಿತು, ಹೋಗಲಿಲ್ಲ. ಲೋಹದ ಜಾಲರಿ ಗೋಡೆ ಕುಸಿಯದಂತೆ ಹಿಡಿದರೂ ನಯಸ್ನಾಯು ಕೋಶಗಳನ್ನು ಇನ್ನಷ್ಟು ಕೆರಳಿಸುತ್ತದೆ. ಸೆಂಟ್ರಿಂಗ್ ಹಲಗೆಗಳ ಸಂದಿನಲ್ಲಿ ಕಳೆ ಬೆಳೆದಂತೆ ಅವು ಜಾಲರಿಯ ಕಣ್ಣುಗಳ ಮೂಲಕ ಒಳಕ್ಕೆ ಬೆಳೆದವು. ತಾರಸಿ ಗಟ್ಟಿಯಾದ ಮೇಲೆ ಮೇಸ್ತ್ರಿ ಸೆಂಟ್ರಿಂಗ್ ಬಿಚ್ಚುತ್ತಾನೆ. ಧಮನಿಗೆ ಆಸರೆ ಬೇಕಾಗುವುದೂ ಕೆಲವು ತಿಂಗಳು ಮಾತ್ರ. ಸ್ಟೆಂಟನ್ನು ಮಾತ್ರ ಬಿಚ್ಚಲಾಗದು.

ಹೃದಯಾಘಾತದ ಚಿಕಿತ್ಸೆ ಈ ನಡುವೆ ಬೇರೊಂದು ದಾರಿಯಿಂದ ಬಂದು ಇದನ್ನು ಸೇರಿಕೊಂಡಿತು. ಆಘಾತದ ಮೊದಲ ಗಂಟೆಗಳಲ್ಲಿ ನಾಳವನ್ನು ಮುಚ್ಚಿರುವುದು ಹೆಪ್ಪೇ ಎಂದು 1980ರಲ್ಲಿ ಅಮೆರಿಕದ ಡಿವುಡ್ ಮತ್ತು ಸಂಗಡಿಗರು ಆಂಜಿಯೋಗ್ರಾಂ ಮಾಡಿ ತೋರಿಸಿದರು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಚುಚ್ಚುಮದ್ದು ಸಾವುಗಳನ್ನು ತಗ್ಗಿಸುತ್ತದೆಂದು 1986ರಲ್ಲಿ ಇಟಲಿಯ ಸುಮಾರು ಹನ್ನೆರಡು ಸಾವಿರ ರೋಗಿಗಳ ಪ್ರಯೋಗ ತೋರಿಸಿತು. ಚುಚ್ಚುಮದ್ದಿಗಿಂತ ನೇರ ಬಲೂನು ಚಿಕಿತ್ಸೆ ಇನ್ನೂ ಮೇಲೆಂದು 1993ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದಿಂದ ವರದಿಗಳು ಬಂದವು. ಆದರೆ ಸ್ಟೆಂಟನ್ನು ಹೃದಯಾಘಾತದಲ್ಲಿ ಬಳಸಲು ವೈದ್ಯರು ಮೊದಮೊದಲು ಹಿಂಜರಿದರು. ಹೆಪ್ಪು ಇರುವಲ್ಲಿಗೆ ಹೆಪ್ಪು ಕಟ್ಟಿಸುವ ಲೋಹವನ್ನು ಒಯ್ಯುವುದೆ ಎಂಬುದು ಅವರ ಶಂಕೆ. ಆಸ್ಪಿರಿನ್ ಜೊತೆಗೆ ಇನ್ನೊಂದು ಮಾತ್ರೆ ಸೇರಿದಾಗ ಶಂಕೆ ಕರಗಿತು. 1990ರ ದಶಕ ಮುಗಿಯುವಷ್ಟರಲ್ಲಿ ಹೃದಯಾಘಾತಕ್ಕೂ ಸ್ಟೆಂಟೇ ರೂಢಿಯಾಯಿತು. ಹಲ್ಲುನೋವಿನ ಮೇಷ್ಟ್ರನ್ನು ಕಾಡಿದ ಜೋಡಿ ಮಾತ್ರೆಗಳ ಮೂಲ ಇಲ್ಲಿದೆ.

ಲೋಹಕ್ಕೆ ಮದ್ದಿನ ಲೇಪ

ಉಳಿದದ್ದು ಜೈವಿಕ ತೊಂದರೆ. ಅದಕ್ಕೆ ಮದ್ದು ಸಿಕ್ಕಿದ್ದು ಪೆಸಿಫಿಕ್ ಸಾಗರದ ನಡುವಿನ ರಾಪಾ ನುಯಿ, ಎಂದರೆ ಈಸ್ಟರ್ ದ್ವೀಪದ ಮಣ್ಣಿನಲ್ಲಿ. 1964ರಲ್ಲಿ ಕೆನಡಾದ ತಂಡ ತಂದ ಮಣ್ಣಿನ ಬ್ಯಾಕ್ಟೀರಿಯದಿಂದ ಸುರೇಂದ್ರನಾಥ ಸೆಹಗಲ್ ಮತ್ತು ಸಂಗಡಿಗರು ಮಾಂಟ್ರಿಯಲ್‌ನಲ್ಲಿ ರಾಪಾಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಸೆಹಗಲ್ ಅವಿಭಜಿತ ಪಂಜಾಬಿನಲ್ಲಿ ಹುಟ್ಟಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓದಿದವರು. 1980ರ ದಶಕದ ಆರಂಭದಲ್ಲಿ ಕಂಪನಿ ಆ ಪ್ರಯೋಗಾಲಯವನ್ನು ಮುಚ್ಚಿದಾಗ ಅವರು ಬ್ಯಾಕ್ಟೀರಿಯವನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದರು. ಕೋಶ ವಿಭಜನೆಗೆ ತಡೆಯೊಡ್ಡುವ ಈ ವಸ್ತುವನ್ನು (ಈಗಿನ ಹೆಸರು ಸಿರೋಲಿಮಸ್) ಲೇಪಿಸಿದ ಸ್ಟೆಂಟನ್ನು 1999ರ ಡಿಸೆಂಬರಿನಲ್ಲಿ ಬ್ರೆಜಿಲ್‌ನ ಎಡುವಾರ್ಡೊ ಸೌಸಾ ಮೊದಲ ಬಾರಿಗೆ ರೋಗಿಗೆ ಇಟ್ಟರು. ಪೆಸಿಫಿಕ್ ಯೂ ಮರದ ತೊಗಟೆಯಿಂದ ದೊರೆತ ಕ್ಯಾನ್ಸರ್ ಔಷಧ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಸ್ಟೆಂಟಿನ ಮೇಲೇರಿತು. 2002ರಲ್ಲಿ 238 ರೋಗಿಗಳ ಪ್ರಯೋಗವೊಂದರಲ್ಲಿ ಸಿರೋಲಿಮಸ್ ಸ್ಟೆಂಟ್ ಪಡೆದ ಒಬ್ಬರಲ್ಲೂ ಮರುಕಿರಿದಾಗುವಿಕೆ ಕಾಣಲಿಲ್ಲ. ಬರೀ ಲೋಹ ಪಡೆದವರಲ್ಲಿ ಅದು ಶೇ. 26ಕ್ಕೂ ಹೆಚ್ಚು.

ಸಮಸ್ಯೆ ಮುಗಿಯಿತೆಂದೇ ಎಲ್ಲರೂ ತಿಳಿದರು. 2006ರಲ್ಲಿ ಬಾರ್ಸಿಲೋನಾದ ಸಮ್ಮೇಳನದಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ನಯಸ್ನಾಯುವನ್ನು ತಡೆಯುವ ಮದ್ದು, ಲೋಹದ ಮೇಲೆ ಹರಡಿ ಅದನ್ನು ಮುಚ್ಚಬೇಕಾದ ನಾಜೂಕು ಒಳಪೊರೆಯನ್ನೂ ತಡೆಯುತ್ತಿತ್ತು. ಮುಚ್ಚದ ಲೋಹ ವರ್ಷದ ನಂತರವೂ ಹೆಪ್ಪು ಕಟ್ಟಿಸಬಲ್ಲದು. ಇದು ಅಪರೂಪ, ಆದರೆ ಆದಾಗ ಮಾರಕ. ನಂತರದ ಪೀಳಿಗೆಯ ತೆಳುತಂತಿಯ ಸ್ಟೆಂಟ್‌ಗಳು ಬಹಳಷ್ಟು ಸುಧಾರಿಸಿವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೂ ಮೊದಲ ವರ್ಷದ ನಂತರ ಪ್ರತಿವರ್ಷ ನೂರರಲ್ಲಿ ಸುಮಾರು ಇಬ್ಬರಿಗೆ ಸ್ಟೆಂಟಿಗೆ ಸಂಬಂಧಿಸಿದ ಏನಾದರೊಂದು ತೊಂದರೆ ಆಗುತ್ತಲೇ ಇರುತ್ತದೆ. ತಾನಾಗಿ ಕರಗಿಹೋಗುವ ಆಸರೆ ಮಾಡೋಣವೆಂದು ತಯಾರಿಸಿದ ‘ಅಬ್ಸಾರ್ಬ್’ 2016ರಲ್ಲಿ ಅಮೆರಿಕದ ಅನುಮತಿ ಪಡೆದು, ಹೆಪ್ಪುಗಟ್ಟುವ ದೂರಿನಿಂದ 2017ರಲ್ಲೇ ಮಾರುಕಟ್ಟೆಯಿಂದ ಹೊರಬಿತ್ತು. ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಹಲಗೆ ಮುರಿದಂತಾಯಿತು.

ಅರ್ಧ ನಿಮಿಷದ ಔಷಧ

ಇಷ್ಟರಲ್ಲಿ ಜರ್ಮನಿಯಲ್ಲಿ ಇಬ್ಬರು ಬೇರೆ ದಿಕ್ಕಿನಲ್ಲಿ ಯೋಚಿಸುತ್ತಿದ್ದರು. ಬ್ರೂನೊ ಶೆಲ್ಲರ್ ಹೃದ್ರೋಗ ತಜ್ಞ. ಉಲ್ರಿಕ್ ಸ್ಪೆಕ್ ಎಕ್ಸ್-ಕಿರಣದ ಕಾಂಟ್ರಾಸ್ಟ್ ದ್ರವಗಳ ಕುರಿತು ದೀರ್ಘಕಾಲ ಕೆಲಸ ಮಾಡಿದ್ದ ವಿಜ್ಞಾನಿ. ನಯಸ್ನಾಯು ಕೋಶಗಳನ್ನು ತಡೆಯಲು ಮದ್ದು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಜಿನುಗುತ್ತಿರಬೇಕು ಎಂಬುದು ಆ ಕಾಲದ ಪ್ರಶ್ನಿಸದ ನಂಬಿಕೆ. ಜಿನುಗಿಸಲು ಒಳಗೇ ಉಳಿಯುವ ವಾಹಕ ಬೇಕು, ಆದ್ದರಿಂದ ಸ್ಟೆಂಟ್ ಬೇಕು. ಅವರು ಪ್ಯಾಕ್ಲಿಟ್ಯಾಕ್ಸೆಲ್ಲನ್ನು ಕಾಂಟ್ರಾಸ್ಟ್ ದ್ರವದಲ್ಲಿ ಕರಗಿಸಿ ಹಂದಿಗಳ ಕೊರೊನರಿ ಧಮನಿಗೆ ಬಿಟ್ಟು ನೋಡಿದರು. ದ್ರವ ಗೋಡೆಯನ್ನು ಸೋಕುವುದು ಕೆಲವೇ ಸೆಕೆಂಡು. ಆದರೂ ವಾರಗಳ ನಂತರ ಗೋಡೆಯ ಅತಿಬೆಳವಣಿಗೆ ಕಡಿಮೆಯಾಗಿತ್ತು!

ಕಾರಣ ಪ್ಯಾಕ್ಲಿಟ್ಯಾಕ್ಸೆಲ್ಲಿನ ಗುಣದಲ್ಲಿದೆ. ಅದು ನೀರಿಗೆ ಒಗ್ಗದ, ಜಿಡ್ಡಿಗೆ ಒಗ್ಗುವ ವಸ್ತು. ಧಮನಿಯ ಗೋಡೆಗೆ ಬೇಗ ಇಳಿಯುತ್ತದೆ. ಇಳಿದ ಮೇಲೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಕೋಶದೊಳಗಿನ ಸೂಕ್ಷ್ಮನಾಳಿಕೆಗಳಿಗೆ ಕಚ್ಚಿಕೊಂಡು ವಿಭಜನೆಯನ್ನು ಸ್ಥಗಿತಗೊಳಿಸುತ್ತದೆ. ಹಾಗಿದ್ದರೆ ಮದ್ದನ್ನು ಬಲೂನಿಗೇ ಬಳಿದು, ಅರ್ಧ ನಿಮಿಷದಿಂದ ಒಂದು ನಿಮಿಷ ಗೋಡೆಗೆ ಒತ್ತಿ, ಬಲೂನನ್ನು ಹೊರಗೆಳೆದುಕೊಂಡರೆ ಸಾಕಲ್ಲ? 2004ರಲ್ಲಿ ಹಂದಿಗಳ ಮೇಲೆ ಇದು ಫಲಿಸಿತು. 2006ರಲ್ಲಿ 52 ರೋಗಿಗಳ ಮೇಲಿನ ಪ್ರಯೋಗದ ವರದಿ ಬಂತು. ಇವರೆಲ್ಲ ಈಗಾಗಲೇ ಹಾಕಿದ್ದ ಸ್ಟೆಂಟಿನೊಳಗೆ ಮತ್ತೆ ಕಿರಿದಾದವರು. ಆರು ತಿಂಗಳ ನಂತರ ಸಾದಾ ಬಲೂನಿನ ಗುಂಪಿನಲ್ಲಿ ಶೇ. 43 ಮಂದಿಗೆ ನಾಳ ಪುನಃ ಕಿರಿದಾಗಿತ್ತು, ಲೇಪಿತ ಬಲೂನಿನ ಗುಂಪಿನಲ್ಲಿ ಶೇ. 5 ಮಂದಿಗೆ.

ವಿದ್ಯಾರ್ಥಿಗಳಿಗೊಂದು ಲೆಕ್ಕ. ಬಲೂನಿನ ಪ್ರತಿ ಚದರ ಮಿಲಿಮೀಟರಿಗೆ 3 ಮೈಕ್ರೋಗ್ರಾಮ್ ಮದ್ದು ಬಳಿದಿರುತ್ತಾರೆ. ವ್ಯಾಸ 3 ಮಿ.ಮೀ., ಉದ್ದ 20 ಮಿ.ಮೀ. ಇರುವ ಬಲೂನಿನ ಮೇಲ್ಮೈ 3.14 × 3 × 20, ಅಂದರೆ ಸುಮಾರು 188 ಚದರ ಮಿ.ಮೀ. ಒಟ್ಟು ಮದ್ದು ಸುಮಾರು 565 ಮೈಕ್ರೋಗ್ರಾಮ್. ಅರ್ಧ ಮಿಲಿಗ್ರಾಮಿಗಿಂತ ತುಸು ಹೆಚ್ಚು. ಅದರಲ್ಲೂ ಗೋಡೆಗೆ ಇಳಿಯುವುದು ಹತ್ತರಲ್ಲಿ ಒಂದು ಪಾಲಿನಷ್ಟು, ಉಳಿದದ್ದು ರಕ್ತದ ಪಾಲು.

ಬಳಿಯುವುದು ಸುಲಭವೆಂದುಕೊಳ್ಳಬೇಡಿ. ತೊಡೆಯಿಂದಲೋ ಮಣಿಕಟ್ಟಿನಿಂದಲೋ ಹೃದಯದವರೆಗಿನ ಪ್ರಯಾಣದಲ್ಲಿ ಲೇಪ ತೊಳೆದುಹೋಗಬಾರದು. ತಲುಪಿದ ಮೇಲೆ ಕ್ಷಣದಲ್ಲಿ ಬಿಟ್ಟುಕೊಡಬೇಕು. ಅಂಟಿಯೂ ಅಂಟದಂತಿರುವ ಗುಣ. ಇದಕ್ಕೆ ಮದ್ದಿನ ಜೊತೆ ಇನ್ನೊಂದು ವಸ್ತುವನ್ನು ಬೆರೆಸಬೇಕು. ಶೆಲ್ಲರ್ ತಂಡ ಬೆರೆಸಿದ್ದು ಕಾಂಟ್ರಾಸ್ಟ್ ವಸ್ತುವನ್ನು. ಕೆಲವರು ಯೂರಿಯಾ ಬಳಸಿದರು. ಹೀಗೆ ಏನನ್ನೂ ಬೆರೆಸದೆ, ಒರಟು ಮೈಯ ಬಲೂನಿನ ಮೇಲೆ ಮದ್ದನ್ನಷ್ಟೇ ಕೂರಿಸಿದ ಒಂದು ಬಲೂನು 2010ರಲ್ಲಿ ವರದಿಯಾದ ಇಟಲಿಯ ಪ್ರಯೋಗದಲ್ಲಿ ಸ್ಟೆಂಟಿನ ಎದುರು ಸೋತಿತು. ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಆ ಬಲೂನಿನ ಎರಡನೆಯ ಆವೃತ್ತಿಯಲ್ಲಿ ಬೆರೆಸಿದ್ದು ಯಾವುದನ್ನು ಗೊತ್ತೆ? ಅರಗಿನ ಅಂಶವನ್ನು. ನಮ್ಮ ಕಾಡುಗಳಲ್ಲಿ ಮುತ್ತುಗದ ಮರದ ಮೇಲೆ ಕೀಟಗಳು ಸ್ರವಿಸುವ ಅದೇ ಅರಗು!

ಹೃದಯಾಘಾತದ ಹೊತ್ತಿನಲ್ಲಿ

ಸ್ಟೆಂಟ್ ಕಿರಿದಾದಾಗ ಲೇಪಿತ ಬಲೂನು ಒಳ್ಳೆಯದೆಂದು ಯುರೋಪಿನ ತಜ್ಞರು ಒಪ್ಪಿದರು. ಆ ಮೇಲೆ 3 ಮಿ.ಮೀ.ಗಿಂತ ಸಣ್ಣ ಧಮನಿಗಳ ಸರದಿ. ಬಾಸೆಲ್ ನಗರದ ವೈದ್ಯರ ನೇತೃತ್ವದ 758 ರೋಗಿಗಳ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ತೊಂದರೆಗೊಳಗಾದವರು ಬಲೂನಿನ ಗುಂಪಿನಲ್ಲಿ ಶೇ. 7.5, ಔಷಧ ಸ್ಟೆಂಟಿನ ಗುಂಪಿನಲ್ಲಿ ಶೇ. 7.3. ವ್ಯತ್ಯಾಸವಿಲ್ಲವೆನ್ನಬಹುದು.

ಹೃದಯಾಘಾತಕ್ಕೆ ಈ ಬಲೂನು ಸರಿಹೊಂದೀತೆಂದು ಅನ್ನಿಸಲು ಕಾರಣಗಳಿವೆ. ಮೊದಲೇ ಹೇಳಿದಂತೆ ಇಲ್ಲಿ ಗಂಟು ಸಾಮಾನ್ಯವಾಗಿ ಮೆತ್ತಗೆ; ಸುಣ್ಣಗಟ್ಟಿದ ಗಟ್ಟಿ ಗಂಟಿನಂತೆ ಅದು ಹಿಂದಕ್ಕೆ ಸೆಳೆಯುವುದು ಕಡಿಮೆ. ಹೆಪ್ಪನ್ನು ನಿವಾರಿಸಿದ ಮೇಲೆ ಉಳಿಯುವ ಅಡಚಣೆ ಅನೇಕ ವೇಳೆ ಚಿಕ್ಕದು. ಜೊತೆಗೆ, ಆಘಾತದ ಸಮಯದಲ್ಲಿ ಧಮನಿ ಸೆಡೆತುಕೊಂಡಿರುತ್ತದೆ. ಆಗ ಅಳತೆ ನೋಡಿ ಹಾಕಿದ ಸ್ಟೆಂಟ್, ಕೆಲವು ದಿನಗಳ ನಂತರ ಧಮನಿ ಸಡಿಲಗೊಂಡಾಗ, ಮಳೆಯಲ್ಲಿ ನೆನೆದು ಉಬ್ಬಿದ ಬಾಗಿಲು ಬೇಸಿಗೆಯಲ್ಲಿ ಚೌಕಟ್ಟಿಗೆ ಸಡಿಲವಾದಂತೆ, ಗೋಡೆಗೆ ತಾಗದೆ ಉಳಿಯಬಹುದು. ಲೋಹವೇ ಇಲ್ಲದಿದ್ದರೆ ಈ ಪ್ರಶ್ನೆಯೂ ಇಲ್ಲ. ಇನ್ನೊಂದು ಸೋಜಿಗವನ್ನೂ ಗಮನಿಸಲಾಗಿದೆ: ಲೇಪಿತ ಬಲೂನಿನ ನಂತರ ಕೆಲವರಲ್ಲಿ ಧಮನಿ ತಿಂಗಳುಗಳ ಮೇಲೆ ತಾನಾಗಿ ಇನ್ನಷ್ಟು ಅಗಲವಾಗುತ್ತದೆ. ಲೋಹದ ಪಂಜರದೊಳಗಿನ ಧಮನಿಗೆ ಆ ಸ್ವಾತಂತ್ರ್ಯವಿಲ್ಲ.

ಪ್ರತಿವಾದವೂ ಬಲವಾದುದೇ. ಗೋಡೆಯ ಮೇಲೆ ಹೆಪ್ಪು ಮೆತ್ತಿಕೊಂಡಿದ್ದರೆ ಮದ್ದು ಹೆಪ್ಪಿಗೆ ಇಳಿಯುತ್ತದೆಯೇ ಹೊರತು ಗೋಡೆಗಲ್ಲ. ಬಲೂನು ಆಳವಾದ ಸೀಳು ಮಾಡಿದರೆ ಸ್ಟೆಂಟ್ ಹಾಕದೆ ವಿಧಿಯಿಲ್ಲ.

ಆಮ್‌ಸ್ಟರ್‌ಡಾಮಿನ ಆಸ್ಪತ್ರೆಯೊಂದರ ವೈದ್ಯರು ಇದನ್ನು ಪರೀಕ್ಷೆಗೆ ಒಡ್ಡಿದರು. 2014ರಲ್ಲಿ ನೂರು ರೋಗಿಗಳ ಪ್ರಾಥಮಿಕ ವರದಿ. 2019ರಲ್ಲಿ 120 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ‘ರೆವೆಲೇಷನ್’ ಪ್ರಯೋಗದ ವರದಿ. ಒಂಬತ್ತು ತಿಂಗಳ ನಂತರ ಚಿಕಿತ್ಸೆಯಾದ ಜಾಗದ ಆಚೆಗಿನ ಒತ್ತಡವನ್ನು ಈಚೆಗಿನ ಒತ್ತಡದಿಂದ ಭಾಗಿಸಿದರು. ಅಡಚಣೆಯೇ ಇಲ್ಲದಿದ್ದರೆ ಈ ಅನುಪಾತ 1, 0.80ಕ್ಕಿಂತ ಕೆಳಗಿಳಿದರೆ ಚಿಂತೆ. ಬಲೂನಿನ ಗುಂಪಿನ ಸರಾಸರಿ 0.92, ಸ್ಟೆಂಟಿನ ಗುಂಪಿನದು 0.91. ಜರ್ಮನಿಯಲ್ಲಿ ಇನ್ನೊಂದು ಬಗೆಯ ಹೃದಯಾಘಾತದ 210 ರೋಗಿಗಳಲ್ಲೂ (2020) ಬಲೂನು ಹಿಂದೆ ಬೀಳಲಿಲ್ಲ. ಇಂಗ್ಲೆಂಡಿನ ನಾರಿಚ್‌ನಲ್ಲಿ ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಹಳೆಯ ದಾಖಲೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾವಿನ ಪ್ರಮಾಣದಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿ ಉತ್ಸಾಹಕ್ಕೆ ಕಡಿವಾಣ ಹಾಕಬೇಕು. ಹಳೆಯ ದಾಖಲೆಗಳಲ್ಲಿ ಯಾರಿಗೆ ಬಲೂನು, ಯಾರಿಗೆ ಸ್ಟೆಂಟ್ ಎಂದು ನಿರ್ಧರಿಸಿದ್ದು ಚೀಟಿಯಲ್ಲ, ವೈದ್ಯರ ಕಣ್ಣು. ಸುಲಭವಾಗಿ ತೆರೆದುಕೊಂಡ ಧಮನಿಗಳೇ ಬಲೂನಿನ ಪಾಲಿಗೆ ಬಂದಿರಬಹುದು. ಆಮ್‌ಸ್ಟರ್‌ಡಾಮಿನ ಪ್ರಯೋಗದಲ್ಲೂ ಮೊದಲ ಹಿಗ್ಗಿಸುವಿಕೆಯ ನಂತರ ಚೆನ್ನಾಗಿ ತೆರೆದುಕೊಂಡವರನ್ನು ಮಾತ್ರ ಆರಿಸಲಾಗಿತ್ತು. ಮೇಲಾಗಿ 120 ಜನರಿಂದ ಒತ್ತಡದ ಅನುಪಾತ ಹೇಳಬಹುದು, ಸಾವು ಬದುಕಿನ ಅಂತರ ಹೇಳಲಾಗದು. ನೂರಕ್ಕೆ ಮೂರು ಮತ್ತು ನಾಲ್ಕು ಸಾವುಗಳ ನಡುವಿನ ವ್ಯತ್ಯಾಸ ಹಿಡಿಯಲು ಸಾವಿರಾರು ರೋಗಿಗಳು ಬೇಕೆಂಬುದನ್ನು ಸಂಖ್ಯಾಶಾಸ್ತ್ರ ಬೋಧಿಸುವ ನೀವೇ ವಿದ್ಯಾರ್ಥಿಗಳಿಗೆ ಲೆಕ್ಕ ಹಾಕಿ ತೋರಿಸಬಹುದು.

ದೊಡ್ಡ ಪ್ರಯೋಗ ಬಂದಾಗ ಬಂದದ್ದು ಕಹಿ ಸುದ್ದಿ. ಚೀನಾದಲ್ಲಿ 2,272 ರೋಗಿಗಳ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಪ್ರಯೋಗ ಹೃದಯಾಘಾತಕ್ಕೆಂದೇ ಮಾಡಿದ್ದಲ್ಲ. ಸಂಕೀರ್ಣವಲ್ಲದ ಹೊಸ ಅಡಚಣೆಗಳು, ಎಲ್ಲ ಅಳತೆಯ ಧಮನಿಗಳು. ಎರಡು ವರ್ಷಗಳಲ್ಲಿ ತೊಂದರೆಗೊಳಗಾದವರು ಬಲೂನಿನ ಗುಂಪಿನಲ್ಲಿ ಶೇ. 6.4, ಸ್ಟೆಂಟಿನ ಗುಂಪಿನಲ್ಲಿ ಶೇ. 3.4. ಬಲೂನು ಸ್ಟೆಂಟಿಗೆ ಸಮವೆಂದು ಸಾಧಿಸಲು ಆಗಲಿಲ್ಲ. ಸಣ್ಣ ಧಮನಿಗಳಲ್ಲಿ ಅಂತರ ಕಡಿಮೆಯಿತ್ತು, ದೊಡ್ಡವುಗಳಲ್ಲಿ ಹೆಚ್ಚು. ಎಲ್ಲರಿಗೂ ಬಲೂನು ಎನ್ನುವವರಿಗೆ ಈ ಅಂಕಿಗಳು ಸಾಕಷ್ಟು ಉತ್ತರ ಎಂದು ನನ್ನ ಭಾವನೆ. ಯಾರಿಗೆ ಬಲೂನು ಸಾಕು, ಯಾರಿಗೆ ಲೋಹ ಬೇಕೇ ಬೇಕು ಎಂದು ಆ ಗಳಿಗೆಯಲ್ಲೇ ಗುರುತಿಸುವುದು ಹೇಗೆ ಎಂಬುದು ಈಗಿನ ನಿಜವಾದ ಪ್ರಶ್ನೆ. ಅಮೆರಿಕದ ಔಷಧ ಆಡಳಿತವು ಕೊರೊನರಿ ಧಮನಿಗೆ ಲೇಪಿತ ಬಲೂನೊಂದಕ್ಕೆ ಮೊದಲ ಬಾರಿ ಅನುಮತಿ ಕೊಟ್ಟದ್ದು 2024ರ ಮಾರ್ಚಿನಲ್ಲಿ, ಅದೂ ಕಿರಿದಾದ ಸ್ಟೆಂಟಿಗೆ ಮಾತ್ರ.

ನಮ್ಮ ದೇಶದಲ್ಲಿಯೂ ಈ ಕೆಲಸ ನಡೆದಿದೆ. ಸೂರತ್‌ನ ಕಾನ್ಸೆಪ್ಟ್ ಮೆಡಿಕಲ್ ಸಂಸ್ಥೆ ಪ್ಯಾಕ್ಲಿಟ್ಯಾಕ್ಸೆಲ್ ಬದಲು ಸಿರೋಲಿಮಸ್ಸನ್ನು ಅತಿಸೂಕ್ಷ್ಮ ಕಣಗಳಲ್ಲಿ ಹುದುಗಿಸಿ ಬಲೂನಿಗೆ ಲೇಪಿಸುತ್ತದೆ. ಸಿರೋಲಿಮಸ್ ಗೋಡೆಗೆ ಇಳಿಯುವುದು ನಿಧಾನ, ಅದಕ್ಕೇ ಈ ಉಪಾಯ. ಬೆಲೆಯ ಮಾತೂ ಇದೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಔಷಧ ಸ್ಟೆಂಟಿನ ಬೆಲೆಗೆ 29,600 ರೂಪಾಯಿ ಮಿತಿ ಹಾಕಿದಾಗ ಅದು ಬಡವರಿಗೂ ಹತ್ತಿರವಾಯಿತು. ಆ ಆದೇಶ ಹೊರಟದ್ದು ಸ್ಟೆಂಟಿಗೆ, ಬಲೂನಿಗಲ್ಲ.

ಇಷ್ಟನ್ನು ಓದಿ, ನಾಳೆ ಎದೆನೋವು ಬಂದರೆ ಯಾವುದನ್ನು ಕೇಳಬೇಕೆಂದು ಯೋಚಿಸುತ್ತಿದ್ದೀರಾ? ಅದನ್ನು ಧಮನಿ ನೋಡಿದ ವೈದ್ಯರು ನಿರ್ಧರಿಸಲಿ. ನಿಮ್ಮ ಕೈಯಲ್ಲಿರುವುದು ಸಮಯ. ನಾಳ ಮುಚ್ಚಿದ ಕ್ಷಣದಿಂದ ಸ್ನಾಯು ಸಾಯತೊಡಗುತ್ತದೆ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗಿದರೆ ಕಳೆದುಹೋಗುವ ಎರಡು ಗಂಟೆಯನ್ನು ಬಲೂನೂ ತಂದುಕೊಡದು, ಸ್ಟೆಂಟೂ ತಂದುಕೊಡದು.

ಜೂರಿಕ್‌ನ ಆ ಮೊದಲ ರೋಗಿ ಏನಾದ? 1977ರಲ್ಲಿ ಗ್ರುಂಟ್ಸಿಗ್ ಜೊತೆಗಿದ್ದ ಕಿರಿಯ ವೈದ್ಯ ಬರ್ನ್‌ಹಾರ್ಡ್ ಮಯರ್ 23 ವರ್ಷಗಳ ನಂತರ ಆತನ ಧಮನಿಯನ್ನು ಮತ್ತೆ ಪರೀಕ್ಷಿಸಿ 2001ರಲ್ಲಿ ವರದಿ ಪ್ರಕಟಿಸಿದರು. ಮದ್ದಿಲ್ಲದ, ಅಡುಗೆ ಮನೆಯ ಮೇಜಿನ ಮೇಲೆ ರೂಪುಗೊಂಡ ಬಲೂನು ಎರಡು ಸಲ ಉಬ್ಬಿ ತೆರೆದಿದ್ದ ಆ ಜಾಗ ಇನ್ನೂ ತೆರೆದೇ ಇತ್ತು.